ಆಪರೇಶನ್ ಸಕ್ಸಸ್ ಅಂದ್ರೆ ಏನು ಮಾರಾಯ್ರೆ?

ಕಳೆದ ಭಾನುವಾರ ಬೆಳಿಗ್ಗೆ ಇನ್ನೂ ಚಹಾ ಕುಡಿದಿರಲಿಲ್ಲ, ಊರಿನಿಂದ ಫೋನು ಬಂತು. ದೂರದ ಸಂಬಂಧಿಯೊಬ್ಬರ ಮಗ. ಅಪ್ಪನಿಗೆ ಎರಡು ವಾರದಿಂದ ತಲೆನೋವು, ಮಾತಾಡುವಾಗ ಶಬ್ದ ಸಿಗುವುದಿಲ್ಲ, ಒಂದು ದಿನ ತೋಟದಲ್ಲಿ ಫಿಟ್ಸ್ ಬಂದು ಬಿದ್ದರಂತೆ. ಎಂಆರ್‌ಐ ಮಾಡಿಸಿದಾಗ ಎಡಭಾಗದಲ್ಲಿ ಗಡ್ಡೆ. ಡಾಕ್ಟರು "ಹೈ ಗ್ರೇಡ್ ಗ್ಲಿಯೋಮಾ ಹಾಗೆ ಕಾಣ್ತದೆ" ಅಂದಿದ್ದಾರೆ. ಇಷ್ಟು ಹೇಳಿ ಹುಡುಗ ಕೇಳಿದ ಪ್ರಶ್ನೆ ಒಂದೇ: "ಮಾಮ, ಮುಂಬಯಿಗೆ ಕರ್ಕೊಂಡು ಬಂದ್ರೆ ಆಪರೇಶನ್ ಸಕ್ಸಸ್ ಆಗ್ತದಾ?"

ಈ ಪ್ರಶ್ನೆ ನನಗೆ ಹೊಸದಲ್ಲ. 1983ರಲ್ಲಿ ಈ ಊರಿಗೆ ಬಂದವನು ನಾನು. ಮುಂಬಯಿಯಲ್ಲಿ ಮನೆ ಇರುವ ಕನ್ನಡಿಗರಿಗೆಲ್ಲ ಗೊತ್ತಿರುವ ವಿಷಯ ಇದು. ಪರೇಲಿನ ಟಾಟಾ ಆಸ್ಪತ್ರೆ ಶುರುವಾದದ್ದು 1941ರಲ್ಲಿ. ಅಂದಿನಿಂದ ಇಂದಿನವರೆಗೆ ಊರಲ್ಲಿ ಯಾರಿಗೆ ಕ್ಯಾನ್ಸರ್ ಅಂದರೂ ಮೊದಲು ನೆನಪಾಗುವುದು ಪರೇಲು, ಎರಡನೆಯದು ನಮ್ಮ ಮನೆಯ ಹಾಲ್. ನಮ್ಮ ಡೊಂಬಿವಲಿಯ ಎರಡು ಕೋಣೆಯ ಮನೆಯಲ್ಲಿ ಎಷ್ಟು ಜನ ಫೈಲು ಹಿಡಿದುಕೊಂಡು ಬಂದು ಉಳಿದಿದ್ದಾರೆ ಅಂತ ಲೆಕ್ಕ ಇಟ್ಟಿಲ್ಲ. ಅವರ ಜೊತೆ ಕ್ಯೂನಲ್ಲಿ ನಿಂತು, ಡಾಕ್ಟರ ಮಾತನ್ನು ಕನ್ನಡಕ್ಕೆ ತಂದು ಹೇಳಿ ಹೇಳಿ ನಾನು ಅರ್ಧ ಕಂಪೌಂಡರ್ ಆಗಿದ್ದೇನೆ. ಡಾಕ್ಟರಂತೂ ಅಲ್ಲ. ನಿವೃತ್ತ ಅಕೌಂಟೆಂಟ್. ಆದ್ದರಿಂದ ಕೆಳಗೆ ಬರೆದದ್ದನ್ನು ಔಷಧಿ ಚೀಟಿ ಅಂತ ತಿಳಿಯಬೇಡಿ, ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಸವೆದವನ ಅಭಿಪ್ರಾಯ ಅಂದುಕೊಳ್ಳಿ.

ನನಗೆ ತಕರಾರಿರುವುದು ಆ 'ಸಕ್ಸಸ್' ಅನ್ನುವ ಶಬ್ದದ ಮೇಲೆ.

2009ರಲ್ಲಿ ನಮ್ಮ ಕಟ್ಟಡದ ಮೂರನೇ ಮಾಳಿಗೆಯ ಹಿರಿಯರೊಬ್ಬರಿಗೆ ಇದೇ ರೋಗ. ಉಪನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಪರೇಶನ್ ಆಯಿತು. ಡಾಕ್ಟರು ಹೊರಗೆ ಬಂದು "ಸಬ್ ನಿಕಾಲ್ ದಿಯಾ" ಅಂದರು. ಎಲ್ಲ ತೆಗೆದಾಯ್ತು. ಮನೆಯವರು ಪೇಡೆ ಹಂಚಿದರು, ನಾನೂ ತಿಂದೆ. ಏಳು ತಿಂಗಳಿಗೆ ಗಡ್ಡೆ ವಾಪಸ್. "ಎಲ್ಲ ತೆಗೆದಿದ್ದರಲ್ಲ, ಮತ್ತೆ ಹೇಗೆ ಬಂತು, ನಮಗೆ ಮೋಸ ಮಾಡಿದರು" ಅಂತ ಅವರ ಹೆಂಡತಿ ಇವತ್ತಿಗೂ ಹೇಳುತ್ತಾರೆ. ಡಾಕ್ಟರು ಸುಳ್ಳು ಹೇಳಿದ್ದರೇ? ಪೂರ್ತಿ ಸುಳ್ಳಲ್ಲ. ಸ್ಕ್ಯಾನಿನಲ್ಲಿ ಬೆಳ್ಳಗೆ ಕಾಣುವಷ್ಟನ್ನು ತೆಗೆದಿದ್ದರು. ಆದರೆ 'ಎಲ್ಲ' ಅನ್ನುವುದಕ್ಕೆ ಡಾಕ್ಟರರ ಡಿಕ್ಷನರಿಯಲ್ಲಿ ಒಂದು ಅರ್ಥ, ನಮ್ಮ ಡಿಕ್ಷನರಿಯಲ್ಲಿ ಇನ್ನೊಂದು ಅರ್ಥ. ಆ ವ್ಯತ್ಯಾಸವನ್ನು ಯಾರೂ ಬಿಡಿಸಿ ಹೇಳಲಿಲ್ಲ.

ನನಗೆ ಅದು ಅರ್ಥವಾದದ್ದು ಮುಂದೆ ಒಬ್ಬ ಸರ್ಜನ್ ನಮ್ಮ ಭಾವನಿಗೆ ವಿವರಿಸುವಾಗ. ಭಾವ ಹೋಟೆಲಿನವರು ಅಂತ ತಿಳಿದು ಅವರು ಅಡಿಗೆಮನೆಯ ಭಾಷೆಯಲ್ಲೇ ಹೇಳಿದರು. ಕೆಲವು ಗಡ್ಡೆ ಪಾಯಸದಲ್ಲಿ ಬಿದ್ದ ಗೋಡಂಬಿ ಹಾಗೆ, ಚಮಚ ಹಾಕಿದರೆ ಇಡಿಯಾಗಿ ಬರುತ್ತದೆ. ಗ್ಲಿಯೋಬ್ಲಾಸ್ಟೋಮಾ ಸಾರಿಗೆ ಬಿದ್ದ ಉಪ್ಪಿನ ಹರಳು. ನಡುವೆ ಕರಗದ ಗಟ್ಟಿ ಇರುತ್ತದೆ, ಅದನ್ನು ತೆಗೆಯಬಹುದು. ಸುತ್ತ ಕರಗಿದ್ದನ್ನು ತೆಗೆಯುವುದಾದರೆ ಸಾರನ್ನೇ ಚೆಲ್ಲಬೇಕು. ಇಲ್ಲಿ ಸಾರು ಅಂದರೆ ಮಿದುಳು.

ಚೆಲ್ಲಿ ನೋಡಿದವರೂ ಇದ್ದಾರೆ ಮಾರಾಯ್ರೆ! ಅಮೆರಿಕದ ವಾಲ್ಟರ್ ಡ್ಯಾಂಡಿ ಅನ್ನುವ ದೊಡ್ಡ ಸರ್ಜನ್, ಗ್ಲಿಯೋಮಾದಿಂದಾಗಿ ಆಗಲೇ ಲಕ್ವ ಹೊಡೆದಿದ್ದ ಕೆಲವು ರೋಗಿಗಳ ಮಿದುಳಿನ ಬಲ ಅರ್ಧವನ್ನೇ ತೆಗೆದುಹಾಕಿ 1928ರಲ್ಲಿ ಅದನ್ನು ವರದಿ ಮಾಡಿದರು. ಅಷ್ಟು ಮಾಡಿದರೂ ರೋಗ ಸೋಲಲಿಲ್ಲ. ಕರಗಿದ ಉಪ್ಪು ಅಷ್ಟು ಹೊತ್ತಿಗೆ ಗೆರೆ ದಾಟಿ ಆಚೆ ಹೋಗಿರುತ್ತದೆ.

ಹಾಗಾದರೆ ಆಪರೇಶನ್ ದಂಡವೇ? ಅಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಇಷ್ಟು ಓದಿ "ಹಾಗಾದ್ರೆ ಸುಮ್ಮನೆ ಹಳ್ಳಿ ಮದ್ದು ಮಾಡುವ" ಅನ್ನುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಗಡ್ಡೆಯ ಭಾರ ಇಳಿದರೆ ತಲೆಯೊಳಗಿನ ಒತ್ತಡ ಇಳಿಯುತ್ತದೆ, ತಲೆನೋವು ವಾಂತಿ ಕಡಿಮೆಯಾಗುತ್ತದೆ. ತೆಗೆದ ತುಂಡನ್ನು ಪರೀಕ್ಷೆ ಮಾಡದೆ ಅದು ಯಾವ ಜಾತಿಯದು ಅಂತ ಖಚಿತವಾಗುವುದಿಲ್ಲ. ಈಗಂತೂ 2021ರ ಹೊಸ ವಿಂಗಡಣೆಯ ಪ್ರಕಾರ ಜೀನ್ ಪರೀಕ್ಷೆ ಇಲ್ಲದೆ ಹೆಸರೇ ಇಡುವಂತಿಲ್ಲ. ಅದೂ ಅಲ್ಲದೆ, ಕಾಣುವ ಗಡ್ಡೆ ಎಷ್ಟು ಹೆಚ್ಚು ಹೋದರೆ ಅಷ್ಟು ಹೆಚ್ಚು ಕಾಲ ಸಿಗುತ್ತದೆ ಅನ್ನುವುದಕ್ಕೆ ಆಧಾರ ಇದೆ. ಟೆಕ್ಸಾಸಿನ ಎಂ.ಡಿ. ಆಂಡರ್ಸನ್ ಆಸ್ಪತ್ರೆಯವರು 2001ರಲ್ಲಿ 416 ರೋಗಿಗಳ ಲೆಕ್ಕ ಕೊಟ್ಟರು. ನೂರಕ್ಕೆ 98 ಭಾಗ ಅಥವಾ ಅದಕ್ಕೂ ಹೆಚ್ಚು ತೆಗೆಸಿಕೊಂಡವರು ನಡುಲೆಕ್ಕದಲ್ಲಿ 13 ತಿಂಗಳು ಬದುಕಿದ್ದರು, ಉಳಿದವರು 8.8 ತಿಂಗಳು. ಜರ್ಮನಿಯವರು ಇನ್ನೊಂದು ಉಪಾಯ ಮಾಡಿದರು. ಆಪರೇಶನ್‌ಗೆ ಮೊದಲು ಒಂದು ಔಷಧಿ ಕುಡಿಸಿದರೆ ನೀಲಿ ಬೆಳಕಿನಲ್ಲಿ ಗಡ್ಡೆ ಕೆಂಪಗೆ ಹೊಳೆಯುತ್ತದೆ. 2006ರಲ್ಲಿ ಬಂದ ಅವರ ಪರೀಕ್ಷೆಯಲ್ಲಿ ಕಾಣುವ ಗಡ್ಡೆಯನ್ನೆಲ್ಲ ತೆಗೆಯಲು ಆದದ್ದು ನೂರಕ್ಕೆ 65 ಜನರಲ್ಲಿ, ಮಾಮೂಲಿ ಬೆಳಕಿನಲ್ಲಿ ನೂರಕ್ಕೆ 36 ಜನರಲ್ಲಿ. ಗಡ್ಡೆ ಮತ್ತೆ ಬೆಳೆಯುವುದು ತಡವಾಯಿತು. ಆದರೆ ಒಟ್ಟು ಆಯುಷ್ಯದಲ್ಲಿ ಹೇಳಿಕೊಳ್ಳುವಂಥ ಅಂತರ ಆ ಪರೀಕ್ಷೆಯಲ್ಲಿ ಕಾಣಲಿಲ್ಲ.

ಆಪರೇಶನ್ ಆದಮೇಲಿನ ಚಿಕಿತ್ಸೆ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಆರು ವಾರ ರೇಡಿಯೇಶನ್, ಮೂವತ್ತು ಸಿಟ್ಟಿಂಗು, ಜೊತೆಗೆ ಟೆಮೊಜೊಲೊಮೈಡ್ ಅನ್ನುವ ಮಾತ್ರೆ, ಅದು ಮುಗಿದ ಮೇಲೆ ತಿಂಗಳಿಗೆ ಐದು ದಿನದಂತೆ ಮತ್ತೆ ಮಾತ್ರೆ. ಇದು ನಿಂತಿರುವುದು ಯುರೋಪು, ಕೆನಡಾದ 573 ರೋಗಿಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಪರೀಕ್ಷೆಯ ಮೇಲೆ. ಬರೀ ರೇಡಿಯೇಶನ್ ಆದರೆ 12.1 ತಿಂಗಳು, ಮಾತ್ರೆಯೂ ಸೇರಿದರೆ 14.6 ತಿಂಗಳು. ನಾನು ಜೀವನವಿಡೀ ಅಂಕಿ ಕೂಡಿಸಿದವನು, ಮೊದಲ ಸಲ ಇದನ್ನು ಓದಿದಾಗ "ಎರಡೂವರೆ ತಿಂಗಳಿಗೆ ಇಷ್ಟೆಲ್ಲವೇ" ಅನ್ನಿಸಿತ್ತು. ಆದರೆ ಅದೇ ಲೆಕ್ಕದ ಇನ್ನೊಂದು ಸಾಲು ನೋಡಿ. ಎರಡು ವರ್ಷ ಬದುಕಿದ್ದವರು ನೂರಕ್ಕೆ ಹತ್ತರಿಂದ ಇಪ್ಪತ್ತಾರಕ್ಕೆ ಏರಿದ್ದರು. ಐದು ವರ್ಷ ದಾಟಿದವರು ನೂರಕ್ಕೆ ಎರಡರಿಂದ ಹತ್ತಿರ ಹತ್ತಕ್ಕೆ. ನಡುಲೆಕ್ಕ ಅಂದರೆ ಅರ್ಧ ಜನ ಅದಕ್ಕಿಂತ ಮೊದಲು, ಅರ್ಧ ಜನ ಅದರ ನಂತರ ಅಂತ. ಅದು ಯಾರ ಹಣೆಬರಹವೂ ಅಲ್ಲ. "ಡಾಕ್ಟರು ಹದಿನಾಲ್ಕು ತಿಂಗಳು ಕೊಟ್ಟಿದ್ದಾರೆ" ಅಂತ ಜನ ಮಾತಾಡುವುದು ಕೇಳಿದರೆ ನನಗೆ ಮೈ ಉರಿಯುತ್ತದೆ. ಡಾಕ್ಟರು ಕೊಡುವುದಕ್ಕೆ ಅದೇನು ರಜೆ ಚೀಟಿಯೇ?

ದುಡ್ಡಿದ್ದರೆ, ಅಮೆರಿಕಕ್ಕೆ ಹೋದರೆ ಅಂತ ಯೋಚಿಸುವವರಿಗೆ ಒಂದು ಮಾತು. ಸೆನೆಟರ್ ಟೆಡ್ ಕೆನಡಿಗೆ 2008ರ ಜೂನ್ 2ರಂದು ಡ್ಯೂಕ್ ಆಸ್ಪತ್ರೆಯಲ್ಲಿ, ಎಚ್ಚರವಾಗಿರುವಾಗಲೇ ಆಪರೇಶನ್ ಮಾಡಿದರು. ಆಗಸ್ಟ್ 25ರಂದು ಅವರು ಡೆನ್ವರಿನ ದೊಡ್ಡ ಸಮಾವೇಶದಲ್ಲಿ ನಿಂತು ಭಾಷಣ ಮಾಡಿದರು. ಮುಂದಿನ ವರ್ಷ ಅದೇ ಆಗಸ್ಟ್ 25ರಂದು ತೀರಿಕೊಂಡರು. ಜಾನ್ ಮೆಕೇನ್ 2017ರ ಜುಲೈಯಲ್ಲಿ ಆಪರೇಶನ್ ಆಗಿ ಎರಡೇ ವಾರಕ್ಕೆ ಸೆನೆಟ್ಟಿಗೆ ಬಂದು ವೋಟು ಹಾಕಿದರು. ಅವರು ಹೋದದ್ದು 2018ರಲ್ಲಿ, ಅದೂ ಆಗಸ್ಟ್ 25. ಇಬ್ಬರಿಗೂ ಸಿಕ್ಕಿದ್ದು ಒಂದು ವರ್ಷದ ಆಸುಪಾಸು. ಆ ಒಂದು ವರ್ಷದಲ್ಲಿ ಒಬ್ಬರು ಭಾಷಣ ಮಾಡಿದರು, ಇನ್ನೊಬ್ಬರು ವೋಟು ಹಾಕಿದರು ಅನ್ನುವುದನ್ನು ನಾನು ನೆನಪಿಟ್ಟುಕೊಂಡಿದ್ದೇನೆ.

ಈಗ ನಮ್ಮ ಭಾವನ ವಿಷಯಕ್ಕೆ ಬರುತ್ತೇನೆ. ಅಕ್ಕನ ಗಂಡ. ಹದಿನೈದನೇ ವಯಸ್ಸಿಗೆ ಮುಂಬಯಿಗೆ ಬಂದು, ಹಗಲು ಕಪ್ಪು ಬಸಿ ತೊಳೆದು, ರಾತ್ರಿ ಕೋಟೆಯ ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು. 2018ರಲ್ಲಿ ಅವರಿಗೆ 57. ಕ್ಯಾಶ್ ಕೌಂಟರಿನಲ್ಲಿ ಕೂತು "ಆ... ಆ ಬಿಳಿ... ಎರಡು ಪ್ಲೇಟು" ಅನ್ನಲು ಶುರು ಮಾಡಿದರು. ಇಡ್ಲಿ ಅನ್ನುವ ಶಬ್ದ ಸಿಗುತ್ತಿರಲಿಲ್ಲ! ನಲವತ್ತು ವರ್ಷ ಇಡ್ಲಿ ಮಾರಿದ ಮನುಷ್ಯನಿಗೆ. ಗಡ್ಡೆ ಇದ್ದದ್ದು ಎಡಗಡೆ, ಕಿವಿಯ ಮೇಲೆ, ಮಾತಿನ ಓಣಿಯಲ್ಲಿ.

ಸರ್ಜನ್ ಎಚ್ಚರದ ಆಪರೇಶನ್ ಮಾಡುತ್ತೇನೆ ಅಂದರು. ಕೇಳಿದರೆ ಭಯವಾಗುತ್ತದೆ, ಆದರೆ ಮಿದುಳಿಗೆ ಸ್ವತಃ ನೋವಿಲ್ಲ. ತಲೆಯ ಚರ್ಮಕ್ಕೆ ಮಾತ್ರ ಇಂಜೆಕ್ಷನ್ ಕೊಟ್ಟು ಜೋಮು ಹಿಡಿಸುತ್ತಾರೆ. ಆಮೇಲೆ ರೋಗಿಗೆ ಒಂದೊಂದೇ ಚಿತ್ರ ತೋರಿಸುತ್ತಾರೆ, "ಇದು ಕುದುರೆ", "ಇದು ಬಾಚಣಿಗೆ" ಅಂತ ಹೇಳುತ್ತಾ ಹೋಗಬೇಕು. ಸರ್ಜನ್ ಮಿದುಳಿನ ಮೇಲೆ ಒಂದೊಂದು ಜಾಗಕ್ಕೆ ಸಣ್ಣ ಕರೆಂಟು ಮುಟ್ಟಿಸುತ್ತಾರೆ. ಮಾತು ನಿಂತರೆ ಅಲ್ಲಿಗೆ ಕತ್ತರಿ ಇಲ್ಲ. 2012ರಲ್ಲಿ ಎಂಟು ಸಾವಿರಕ್ಕೂ ಹೆಚ್ಚು ರೋಗಿಗಳ ಲೆಕ್ಕ ಒಟ್ಟು ಹಾಕಿದಾಗ, ಹೀಗೆ ಮುಟ್ಟಿ ನೋಡಿ ಮಾಡಿದ ಆಪರೇಶನ್ನುಗಳಲ್ಲಿ ಕೊನೆಯವರೆಗೂ ಉಳಿಯುವ ದೊಡ್ಡ ಊನ ನೂರಕ್ಕೆ 3.4, ಇಲ್ಲದೆ ಮಾಡಿದ್ದರಲ್ಲಿ 8.2. ಊನ ಬಂದರೆ ಬರೀ ಕಷ್ಟ ಮಾತ್ರ ಅಲ್ಲ, ಆಯುಷ್ಯವೂ ಕಡಿಮೆಯಾಗುತ್ತದೆ ಅಂತ 2009ರ ಒಂದು ಅಮೆರಿಕನ್ ಲೆಕ್ಕ ಹೇಳುತ್ತದೆ.

ಇಲ್ಲಿ ನಮ್ಮಂಥ ಪರದೇಸಿಗಳು ಕಿವಿ ಅಗಲಿಸಿ ಕೇಳಬೇಕಾದ ವಿಷಯ ಒಂದುಂಟು. ಚಿತ್ರ ತೋರಿಸಿ ಕೇಳುವುದು ಯಾವ ಭಾಷೆಯಲ್ಲಿ?

ಆಪರೇಶನ್‌ನ ಎರಡು ದಿನ ಮೊದಲು ಸೈಕಾಲಜಿಸ್ಟ್ ಹುಡುಗಿ ಬಂದು ಭಾವನಿಗೆ ಚಿತ್ರಗಳನ್ನು ತೋರಿಸಿದಳು. ಹಿಂದಿಯಲ್ಲಿ. ಬೆಕ್ಕಿನ ಚಿತ್ರ. ಭಾವ ಸ್ವಲ್ಪ ತಡವರಿಸಿ "ಪುಚ್ಚೆ" ಅಂದರು. ಅವಳು ತಪ್ಪು ಅಂತ ಗುರುತು ಹಾಕಿದಳು. ಅವಳದ್ದೇನು ತಪ್ಪು? ಅವಳಿಗೆ ತುಳು ಎಲ್ಲಿಂದ ಬರಬೇಕು? ಫಾರ್ಮಿನಲ್ಲಿ 'ಮಾತೃಭಾಷೆ' ಅನ್ನುವ ಕಡೆ ನಾವೇ ಅವಸರದಲ್ಲಿ 'ಹಿಂದಿ, ಮರಾಠಿ ಬರುತ್ತದೆ' ಅಂತ ಬರೆದುಕೊಟ್ಟಿದ್ದೆವು, ಆಸ್ಪತ್ರೆಯವರಿಗೆ ತೊಂದರೆ ಬೇಡ ಅಂತ. ನಮ್ಮ ಜನ್ಮವೇ ಹಾಗೆ, ಬೇರೆಯವರಿಗೆ ತೊಂದರೆ ಆಗಬಾರದು. ಭಾವ ಮನೆಯಲ್ಲಿ ಮಾತಾಡುವುದು ತುಳು, ಲೆಕ್ಕ ಮಾಡುವುದು, ಪೇಪರ್ ಓದುವುದು ಕನ್ನಡ, ಗಿರಾಕಿಗಳ ಜೊತೆ ಮರಾಠಿ, ತರಕಾರಿಯವನ ಜೊತೆ ಹಿಂದಿ. ಎರಡು ಭಾಷೆ ಬಲ್ಲವರ ಮಿದುಳಿನಲ್ಲಿ ಕೆಲವು ಜಾಗ ಎರಡಕ್ಕೂ ಒಂದೇ, ಕೆಲವು ಬೇರೆ ಬೇರೆ ಅಂತ ಓಜೆಮನ್ ಮತ್ತು ವಿಟೇಕರ್ 1978ರಷ್ಟು ಹಿಂದೆಯೇ ತೋರಿಸಿದ್ದರು. ಅಂದರೆ ಒಂದು ಭಾಷೆಯನ್ನು ಮಾತ್ರ ಪರೀಕ್ಷಿಸಿದರೆ ಇನ್ನೊಂದು ಭಾಷೆ ಕಾವಲಿಲ್ಲದೆ ಬಿದ್ದಿರುತ್ತದೆ.

ನಾನು ಆ ರಾತ್ರಿ ಒಂದು ನೋಟ್‌ಬುಕ್ ತಂದು ಎಲ್ಲ ಚಿತ್ರಗಳ ಹೆಸರನ್ನು ತುಳು, ಕನ್ನಡ, ಮರಾಠಿ ಮೂರರಲ್ಲೂ ಬರೆದೆ. ಅವಳು ಓದಬೇಕಲ್ಲ, ದೇವನಾಗರಿ ಲಿಪಿಯಲ್ಲಿ. ಪುಚ್ಚೆ, ಬೆಕ್ಕು, ಮಾಂಜರ್. ಕಕ್ಕೆ, ಕಾಗೆ, ಕಾವಳಾ. ಮರುದಿನ ಅವಳು ಅದನ್ನು ನೋಡಿ ಬಹಳ ಸಂತೋಷಪಟ್ಟು, ಸರ್ಜನ್ನರಿಗೂ ತೋರಿಸಿ, ಪರೀಕ್ಷೆಯನ್ನು ಮೊದಲಿನಿಂದ ಮಾಡಿದಳು. ಆಪರೇಶನ್ ಕೋಣೆಯಲ್ಲಿ ಅದೇ ನೋಟ್‌ಬುಕ್ ಇತ್ತಂತೆ. ಆಪರೇಶನ್ ಆದ ಮೇಲೆ ಭಾವನ ಮರಾಠಿ ಕೆಲವು ವಾರ ಕುಂಟಿತು. ತುಳು, ಕನ್ನಡ ಉಳಿದವು. ಒಬ್ಬರ ಕಥೆಯಿಂದ ಸಿದ್ಧಾಂತ ಕಟ್ಟಬಾರದು, ಸರಿ. ಆದರೂ ಅಕ್ಕನ ಹತ್ತಿರ ಮಾತಾಡುವ ಭಾಷೆ ಮತ್ತು ಗಲ್ಲೆ ಎಣಿಸುವ ಭಾಷೆ ಉಳಿಯಿತು. ಮುಂದೆ ಹನ್ನೊಂದು ತಿಂಗಳು ಅವರು ಕೌಂಟರಿನಲ್ಲಿ ಕೂತರು.

ಡಾಕ್ಟರರಿಗೆ ಅಳೆಯಲು ಒಂದು ಮಾಪನ ಉಂಟು, ಕಾರ್ನೋಫ್ಸ್ಕಿ ಅಂತ, ಸೊನ್ನೆಯಿಂದ ನೂರು. ಎಪ್ಪತ್ತು ಅಂದರೆ ತನ್ನ ಕೆಲಸ ತಾನು ಮಾಡಿಕೊಳ್ಳಬಲ್ಲ, ದುಡಿಯಲಾರ. ಒಳ್ಳೆಯದೇ. ಆದರೆ ಈ ಮಾಪನಕ್ಕೆ ಸಿಗದ ಸಂಗತಿಗಳೂ ಇವೆ. ಇದೇ ಎಚ್ಚರದ ಆಪರೇಶನ್ನಿಗೆ ಹೆಸರಾದ ಮಾಂಟ್ರಿಯಲ್‌ನ ವೈಲ್ಡರ್ ಪೆನ್‌ಫೀಲ್ಡ್ 1928ರಲ್ಲಿ ತನ್ನ ಸ್ವಂತ ಅಕ್ಕನ ಮಿದುಳಿನ ಗಡ್ಡೆಯನ್ನು, ಬಲಗಡೆಯ ಮುಂಭಾಗದ ಬಹುಪಾಲಿನ ಜೊತೆ, ತಾನೇ ತೆಗೆದರು. ಆಕೆ ಮನೆಗೆ ಹೋದಳು, ಮಾತಾಡಿದಳು, ಮಕ್ಕಳನ್ನು ನೋಡಿಕೊಂಡಳು. ಸಕ್ಸಸ್! ಒಂದು ವರ್ಷ ಕಳೆದ ಮೇಲೆ ತಮ್ಮ ಊಟಕ್ಕೆ ಹೋದಾಗ ಆಕೆ ಅಡಿಗೆಮನೆಯಲ್ಲಿ ಒಬ್ಬಳೇ ಕಂಗಾಲಾಗಿ ನಿಂತಿದ್ದಳು. ಸಾಮಾನೆಲ್ಲ ಇದೆ, ಒಂದೆರಡು ಪಾತ್ರೆ ಒಲೆಯ ಮೇಲಿದೆ, ಆದರೆ ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಅನ್ನುವುದು ತಪ್ಪಿಹೋಗಿತ್ತು. ಪೆನ್‌ಫೀಲ್ಡ್ ಅದನ್ನು ಮುಚ್ಚಿಡದೆ 1935ರಲ್ಲಿ ಬರೆದು ಪ್ರಕಟಿಸಿದರು. ನಾನು ಓದಿದ ವೈದ್ಯಕೀಯ ವರದಿಗಳಲ್ಲಿ ನನಗೆ ಮರೆಯಲಾಗದ್ದು ಇದೊಂದೇ. ಗಡ್ಡೆ ಮತ್ತೆ ಬಂದು ಆಕೆ 1931ರಲ್ಲಿ ತೀರಿಕೊಂಡಿದ್ದಳು.

ಇನ್ನು ನನ್ನದೇ ಒಂದು ತಪ್ಪು ಒಪ್ಪಿಕೊಳ್ಳಬೇಕು. 2013ರಲ್ಲಿ ಊರಿನಿಂದ ಒಬ್ಬ ಹೆಂಗಸು ಬಂದಿದ್ದರು, ಐವತ್ತರ ಹತ್ತಿರ. ಕನ್ನಡ ಬಿಟ್ಟರೆ ಬೇರೆ ಭಾಷೆ ಇಲ್ಲ. ಡಾಕ್ಟರು ಹಿಂದಿಯಲ್ಲಿ ತುಂಬಾ ತಾಳ್ಮೆಯಿಂದ ಎಲ್ಲ ಹೇಳಿದರು. ಗಡ್ಡೆ ಮತ್ತೆ ಬರುವುದು ಖಂಡಿತ, ಹೆಚ್ಚಿನವರಿಗೆ ಒಂದು ಒಂದೂವರೆ ವರ್ಷ, ಮಾತಾಡಬೇಕಾದ್ದು ನಿರ್ಧರಿಸಬೇಕಾದ್ದು ಇದ್ದರೆ ಈಗಲೇ ಮಾಡಲಿ, ಮುಂದೆ ಮನಸ್ಸು ಮಂಕಾಗಬಹುದು ಅಂತ. ಆಕೆ ನನ್ನ ಮುಖ ನೋಡಿದರು. ನಾನು ಕನ್ನಡದಲ್ಲಿ ಹೇಳಿದ್ದು, "ಟ್ರೀಟ್‌ಮೆಂಟ್ ಉದ್ದ ಉಂಟಂತೆ ಅಕ್ಕ, ಧೈರ್ಯ ಬೇಕಂತೆ, ದೇವರಿದ್ದಾನೆ." ಮಗ ಪಕ್ಕದಲ್ಲಿದ್ದ, ಕಣ್ಣಿನಲ್ಲೇ ಬೇಡ ಅಂದಿದ್ದ. ಆಕೆ ಊರಿಗೆ ಹೋಗಿ ಮಗಳ ಮದುವೆಯನ್ನು ಎರಡು ವರ್ಷ ಬಿಟ್ಟು ಮಾಡುವುದು ಅಂತ ನಿಶ್ಚಯ ಮಾಡಿದರು, ಕೈಯಲ್ಲಿ ಸ್ವಲ್ಪ ದುಡ್ಡಾಗಲಿ ಅಂತ. ಒಂಬತ್ತು ತಿಂಗಳಿಗೆ ಹೋದರು. ಮದುವೆಗೆ ನನಗೂ ಆಮಂತ್ರಣ ಬಂತು, ನಾನು ಹೋಗಲಿಲ್ಲ.

ಡಾಕ್ಟರು ಸತ್ಯ ಹೇಳುವುದಿಲ್ಲ ಅಂತ ನಾವು ದೂರುತ್ತೇವೆ. ಎಷ್ಟೋ ಸಲ ಸತ್ಯ ಸಾಯುವುದು ಡಾಕ್ಟರ ಬಾಯಿ ಮತ್ತು ರೋಗಿಯ ಕಿವಿಯ ನಡುವೆ ನಿಂತಿರುವ ನನ್ನಂಥ ದುಭಾಷಿಯ ಕೈಯಲ್ಲಿ. ಬೇರೆ ಕ್ಯಾನ್ಸರಿನಲ್ಲಿ ರೋಗಿಗೆ ತಡವಾಗಿ ಹೇಳಿದರೂ ಯೋಚಿಸುವ ತಲೆ ಹೆಚ್ಚಾಗಿ ಇರುತ್ತದೆ. ಇದರಲ್ಲಿ ರೋಗ ತಿನ್ನುವುದೇ ತಲೆಯನ್ನು. "ಸ್ವಲ್ಪ ಸುಧಾರಿಸಲಿ, ಆಮೇಲೆ ಹೇಳುವ" ಅಂತ ಕಾದರೆ ಆ 'ಆಮೇಲೆ' ಬರುವುದೇ ಇಲ್ಲ. ಇನ್ನು ಸ್ಟೀರಾಯ್ಡ್ ಮಾಯೆ ಬೇರೆ. ಡೆಕ್ಸಾಮೆಥಾಸೋನ್ ಶುರು ಮಾಡಿದರೆ ಒಂದೆರಡು ದಿನದಲ್ಲಿ ಊತ ಇಳಿದು ಮನುಷ್ಯ ಎದ್ದು ಕೂರುತ್ತಾನೆ, ಎರಡು ಊಟ ಮಾಡುತ್ತಾನೆ, ಮನೆಯವರು ಗುಣವಾಯಿತು ಅಂತ ಹರಕೆ ಸಂದಾಯಕ್ಕೆ ಹೊರಡುತ್ತಾರೆ. ಗಡ್ಡೆ ಇದ್ದಲ್ಲೇ ಇರುತ್ತದೆ. ನನ್ನ ಕೇಳಿದರೆ ಮಾತಾಡಲು ಅತ್ಯಂತ ಒಳ್ಳೆಯ ಸಮಯ ಅದೇ, ಆ ಎರಡು ಊಟದ ದಿನಗಳು.

ಭಾವನಿಗೆ ನಾನು ಆಪರೇಶನ್‌ನ ಮೊದಲೇ ಹೇಳಿದೆ, ತುಳುವಿನಲ್ಲಿ, ಒಂದು ಅಕ್ಷರ ಬಿಡದೆ. ಅಕ್ಕ ನನ್ನ ಹತ್ತಿರ ಎರಡು ತಿಂಗಳು ಮಾತು ಬಿಟ್ಟಳು. ಭಾವ ಹೋಟೆಲಿನ ಲೈಸನ್ಸನ್ನು ಮಗನ ಹೆಸರಿಗೆ ಮಾಡಿಸಿದರು, ಊರಿನ ಜಾಗದ ವಿಷಯದಲ್ಲಿ ತಮ್ಮನ ಜೊತೆ ಹದಿನೆಂಟು ವರ್ಷದ ಜಗಳ ಮುಗಿಸಿದರು, ಮನೆಯ ಕೋಲಕ್ಕೆ ಹೋಗಿ ಬಂದರು. ಮತ್ತೆ, ಗಡ್ಡೆ ಮರಳಿ ಬಂದರೆ ಎರಡನೇ ಆಪರೇಶನ್ ಬೇಡ, ವೆಂಟಿಲೇಟರ್ ಬೇಡ ಅಂತ ಕಾಗದದಲ್ಲಿ ಬರೆದು ಸಹಿ ಹಾಕಿದರು. ಅದೇ 2018ರಲ್ಲಿ ಸುಪ್ರೀಂ ಕೋರ್ಟು ಇಂಥ ಮುಂಚಿತ ನಿರ್ದೇಶನಕ್ಕೆ ಮಾನ್ಯತೆ ಕೊಟ್ಟಿತ್ತು. ಆಗ ಮ್ಯಾಜಿಸ್ಟ್ರೇಟರ ಹತ್ತಿರ ಹೋಗಬೇಕಿತ್ತು, ನಮ್ಮಿಂದ ಅದು ಆಗಲಿಲ್ಲ. 2023ರಿಂದ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು. ಹನ್ನೆರಡನೇ ತಿಂಗಳಿಗೆ ಗಡ್ಡೆ ಬಂದಾಗ ಭಾವನಿಗೆ ಹೇಳಲು ಮಾತು ಉಳಿದಿರಲಿಲ್ಲ. ಒಬ್ಬ ಡಾಕ್ಟರು ಮತ್ತೆ ಆಪರೇಶನ್ ಮಾಡಬಹುದು ಅಂದಾಗ ಮಗ ತಬ್ಬಿಬ್ಬಾದ. ಅಕ್ಕ ಒಳಗೆ ಹೋಗಿ ಆ ಕಾಗದ ತಂದು ಮೇಜಿನ ಮೇಲಿಟ್ಟಳು. ಎಲ್ಲರಿಗೂ ಎರಡನೇ ಆಪರೇಶನ್ ಬೇಡ ಅಂತ ನಾನು ಹೇಳುವುದಿಲ್ಲ. ವಯಸ್ಸು ಚಿಕ್ಕದು, ಗಡ್ಡೆ ಸುಲಭದ ಜಾಗದಲ್ಲಿದೆ, ಮನುಷ್ಯ ಓಡಾಡಿಕೊಂಡಿದ್ದಾನೆ ಅಂದರೆ ಲಾಭ ಇರಬಹುದು. ಆದರೆ ಅದನ್ನು ಹೇಳಬೇಕಾದವನು ತಲೆ ಸರಿ ಇರುವಾಗಲೇ ಹೇಳಿರಬೇಕು. ಮನೆಯಲ್ಲೇ, ಒಟ್ಟು ಹದಿನೇಳು ತಿಂಗಳಿಗೆ, ಭಾವ ಹೋದರು.

ಇದನ್ನೆಲ್ಲ ಆ ಹುಡುಗನಿಗೆ ಫೋನಿನಲ್ಲಿ ಹೇಳಲಾಗಲಿಲ್ಲ. ಹೇಳಿದ್ದು ಇಷ್ಟು. ಮುಂಬಯಿಯ ಹೆಸರಿಗೋಸ್ಕರ ಬರಬೇಡಿ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಉಂಟು, ಅಲ್ಲಿ ಕನ್ನಡದಲ್ಲಿ ಕೇಳುತ್ತಾರೆ, ಕನ್ನಡದಲ್ಲಿ ಹೇಳುತ್ತಾರೆ. ಆಪರೇಶನ್ ಒಂದು ದಿನದ್ದು, ರೇಡಿಯೇಶನ್ ಆರು ವಾರದ್ದು, ಅದು ಮನೆಗೆ ಹತ್ತಿರ ಆದಷ್ಟು ಒಳ್ಳೆಯದು. "ಸಕ್ಸಸ್ ಆಗ್ತದಾ" ಅಂತ ಕೇಳಬೇಡ, "ಆಪರೇಶನ್ ಆದ ಮೇಲೆ ಅಪ್ಪ ಏನು ಮಾಡಬಲ್ಲರು, ಏನು ಮಾಡಲಾರರು, ಎಷ್ಟು ಬಿಟ್ಟು ಬರುತ್ತೀರಿ, ಯಾಕೆ" ಅಂತ ಕೇಳು. ಎಲ್ಲಕ್ಕಿಂತ ಮೊದಲು ಅಪ್ಪನಿಗೆ ಹೇಳು. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು ಫೋನ್ ಇಟ್ಟ. ಬೇಜಾರಾಯಿತೇನೋ ಅಂದುಕೊಂಡೆ.

ನಿನ್ನೆ ರಾತ್ರಿ ಮತ್ತೆ ಮಾಡಿದ್ದ. ಅಪ್ಪನಿಗೆ ಹೇಳಿದನಂತೆ. ಅಪ್ಪ ಬಹಳ ಹೊತ್ತು ಅಂಗಳ ನೋಡುತ್ತಾ ಕೂತಿದ್ದು, ಈ ಸಲದ ಅಡಿಕೆ ಕೊಯ್ಲಿಗೆ ಜನ ಹೇಳಿದ್ದೀಯಾ ಅಂತ ಕೇಳಿದರಂತೆ. ಬುಧವಾರ ಬೆಂಗಳೂರಿಗೆ ಹೊರಡುತ್ತಾರೆ. ಮನೆಮಾತು ತುಳು ಅಂತ ಮೊದಲೇ ಹೇಳುತ್ತೇನೆ, ನಿಮ್ಮ ಆ ಚಿತ್ರದ ಪಟ್ಟಿ ಕಳಿಸಿ ಮಾಮ ಅಂದ. ನೋಟ್‌ಬುಕ್ ಅಕ್ಕನ ಮನೆಯ ಕಪಾಟಿನಲ್ಲಿದೆ. ಇವತ್ತು ಸಂಜೆ ಹೋಗಿ, ದೇವನಾಗರಿಯದ್ದನ್ನು ಕನ್ನಡ ಲಿಪಿಗೆ ಇಳಿಸಿ ಕಳಿಸಬೇಕು.